ಬಂಗಾರದ ಗುಂಡಿಯಿಂದ ಗಂಗೆಯನ್ನು ಕಳಿಸಿದ್ದು

ಅಜ್ಜಂಪುರದಲ್ಲಿ ನನಗೊಂದು ಸ್ವಂತ ಒಲೆ ಇತ್ತು. ಮನೆ ಬಾಡಿಗೆಯದು, ಮಂಚ ಅಪ್ಪ ಕೊಡಿಸಿದ್ದು, ನಮ್ಮವರ ಕೆಲಸ ಟೆಂಪರರಿ. ಒಲೆ ಮಾತ್ರ ನನ್ನದು. ಹುತ್ತದ ಮಣ್ಣು ತರಿಸಿ, ಹೊಟ್ಟು ಕಲಸಿ, ನಾನೇ ಕೈಯಾರೆ ಹಾಕಿದ್ದೆ. ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ನನಗೆ ಕಲಿಸಿದ್ದು ಕ್ರಾಸ್ ಸ್ಟಿಚ್, ಮೇಜಿನ ಮೇಲೆ ಫೋರ್ಕ್ ಯಾವ ಕಡೆ ಇಡಬೇಕೆಂಬುದು, ಮತ್ತು ಬಾಗಿಲನ್ನು ಸದ್ದಾಗದಂತೆ ಮುಚ್ಚುವುದು. ಒಲೆ ಹಾಕುವ ವಿದ್ಯೆಯನ್ನು ಆ ಸಿಸ್ಟರುಗಳು ಸಿಲಬಸ್ಸಿಗೆ ಸೇರಿಸಿರಲಿಲ್ಲ. ಆದ್ದರಿಂದ ನನ್ನ ಒಲೆ ಸ್ವಲ್ಪ ಎಡಕ್ಕೆ ವಾಲಿತ್ತು. ಅದರ ಮೇಲಿಟ್ಟ ಸಾರು ಯಾವಾಗಲೂ ಒಂದೇ ಕಡೆ ಕುದಿಯುತ್ತಿತ್ತು. ಕುದಿಯಲಿ ಬಿಡು ಎಂದು ಅದರ ಮುಂದೆ ರಾಣಿಯ ಹಾಗೆ ಮಣೆ ಹಾಕಿಕೊಂಡು ಕೂರುತ್ತಿದ್ದೆ.

ಇದರ ಬೆಲೆ ಗೊತ್ತಾಗಬೇಕಾದರೆ ನಮ್ಮ ಕಡೂರಿನ ಮನೆಯ ಕಾಫಿಯ ವಿಷಯ ಹೇಳಬೇಕು. ತರೀಕೆರೆಯ ತವರಿನಿಂದ ಮದುವೆಯಾಗಿ ಬಂದವಳು ನಾನು ಮೊದಲು ಇಳಿದದ್ದು ಅಲ್ಲಿ. ಆ ಮನೆಯ ಅಡುಗೆಮನೆ ನನ್ನ ವಾರಗಿತ್ತಿಯದು. ನಮ್ಮವರ ಅಣ್ಣನ ಹೆಂಡತಿ. ಕೆಟ್ಟವರಲ್ಲ, ಕೈ ಬಿಗಿ ಅಷ್ಟೆ. ಬೆಳಿಗ್ಗೆಯ ಮೊದಲ ಡಿಕಾಕ್ಷನ್ನು ಅಂಗಡಿಗೆ ಹೋಗುವ ಗಂಡಸರಿಗೆ. ಅದೇ ಪುಡಿಗೆ ಬಿಸಿನೀರು ಹಾಕಿ ಇಳಿಸಿದ ಎರಡನೆಯದು ವಾರಗಿತ್ತಿಗೆ ಮತ್ತು ಅತ್ತೆಗೆ. ಮೂರನೆಯದು ನನಗೆ. ನನ್ನ ಲೋಟಕ್ಕೆ ಬರುವ ಹೊತ್ತಿಗೆ ಅದಕ್ಕೆ ಕಾಫಿಯ ನೆನಪು ಮಾತ್ರ ಉಳಿದಿರುತ್ತಿತ್ತು. ಅತ್ತೆ ಅಡುಗೆಮನೆಯ ಹೊಸ್ತಿಲಿನ ಹೊರಗೆ ಕೂತು ಅವರೆಕಾಯಿ ಸುಲಿಯುತ್ತ, ಒಳಗಿನದನ್ನೆಲ್ಲ ತಾವೇ ನಡೆಸುತ್ತಿರುವಂತೆ ಹೇಳುತ್ತಿದ್ದರು. ವಾರಗಿತ್ತಿ ಹೂಂಗುಟ್ಟುತ್ತ ತಮಗೆ ತೋಚಿದ್ದನ್ನು ಮಾಡುತ್ತಿದ್ದರು.

ಅಲ್ಲಿಂದ ನನ್ನನ್ನು ಬಿಡಿಸಿದ್ದು ಒಂದು ಗುಂಡಿ.

ಇಂಗ್ಲಿಷ್ ದೊರೆಗಳ ಕಾಲದಲ್ಲಿ ಯಾವುದೋ ಕಂಪನಿಯವರು ಅಜ್ಜಂಪುರದ ಹೊರಗೆ ಚಿನ್ನ ಸಿಗುತ್ತದೆಂದು ನೆಲ ಕೊರೆದಿದ್ದರು. ಸಿಕ್ಕ ಚಿನ್ನ ಅಗೆದವರ ಕೂಲಿಗೂ ಸಾಲದೆ ಎದ್ದು ಹೋಗಿದ್ದರು. ಹೋಗುವಾಗ ಗುಂಡಿಯನ್ನು ಮಾತ್ರ ಇಲ್ಲೇ ಬಿಟ್ಟಿದ್ದರು. ಊರಿನವರು ಅದನ್ನು ಬಂಗಾರದ ಗುಂಡಿ ಎನ್ನುತ್ತಿದ್ದರು. ಮಳೆಯ ನೀರು, ಒಸರಿನ ನೀರು ತುಂಬಿ ಅದು ಎಷ್ಟೋ ಕಾಲ ಯಾರ ತಂಟೆಗೂ ಹೋಗದೆ ಇತ್ತು. ಆಮೇಲೆ ಯಾರದೋ ಹೋತ ಅದರೊಳಗೆ ಬಿತ್ತು. ಹೋತದ ಒಡೆಯ ಅಮಲ್ದಾರರ ಕಚೇರಿಯ ಮುಂದೆ ಕೂತು ದಿನಗಟ್ಟಲೆ ಅತ್ತ. ಅಮಲ್ದಾರರು ತಲೆ ಚಿಟ್ಟುಹಿಡಿದು ಗಣಿ ಇಲಾಖೆಗೆ ಬರೆದರು. ಇಲಾಖೆಯವರು ಗುಂಡಿ ಮುಚ್ಚಿಸಲು ಒಬ್ಬ ಓವರ್‌ಸಿಯರ್ ಬೇಕೆಂದು ಹುಡುಕಿದರು. ಹೀಗೆ ನಮ್ಮವರಿಗೆ ಕೆಲಸ ಸಿಕ್ಕಿತು, ನನಗೆ ಒಲೆ ಸಿಕ್ಕಿತು. ಆ ಹೋತಕ್ಕೆ ನಾನು ಮನಸ್ಸಿನಲ್ಲಿ ಎಷ್ಟೋ ಸಲ ಕೈಮುಗಿದಿದ್ದೇನೆ.

ಷರತ್ತು ಒಂದೇ. ಮಳೆಗಾಲಕ್ಕೆ ಮುಂಚೆ ಗುಂಡಿ ಮುಚ್ಚಿದರೆ ನಮ್ಮವರ ಕೆಲಸ ಪರ್ಮನೆಂಟು. ಸುತ್ತಮುತ್ತ ಇರುವ ಇನ್ನಷ್ಟು ಹಳೆಯ ಗುಂಡಿಗಳ ಉಸ್ತುವಾರಿ ನೋಡಿಕೊಂಡು ಅಜ್ಜಂಪುರದಲ್ಲೇ ಇರಬಹುದು. ಮುಚ್ಚದಿದ್ದರೆ ಗಂಟುಮೂಟೆ ಕಟ್ಟಿ ಕಡೂರಿಗೆ, ಮೂರನೆಯ ಡಿಕಾಕ್ಷನ್ನಿಗೆ.

ಒಂದು ಭಾನುವಾರ ನಮ್ಮವರು ನನಗೆ ಗುಂಡಿ ತೋರಿಸಲು ಕರೆದುಕೊಂಡು ಹೋದರು. ಹೊಸದಾಗಿ ಮದುವೆಯಾದ ಬೇರೆಯವರು ಹೆಂಡತಿಯನ್ನು ಕೆಮ್ಮಣ್ಣುಗುಂಡಿಗೆ ಕರೆದೊಯ್ಯುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಬರೀ ಗುಂಡಿ. ಸುತ್ತ ಲಂಟಾನದ ಪೊದೆ, ಪಕ್ಕದಲ್ಲಿ ತುಕ್ಕು ಹಿಡಿದ ಒಂದು ಚಕ್ರ, ಆಚೆಗೆ ಒಳಗಿನಿಂದ ತೆಗೆದು ಹಾಕಿದ ಬಿಳಿಗಲ್ಲಿನ ದೊಡ್ಡ ಗುಡ್ಡೆ. ಗುಡ್ಡೆಯ ಮೇಲೆ ತಂಗಡಿ ಗಿಡ ಬಿಟ್ಟರೆ ಬೇರೆ ಏನೂ ಹುಟ್ಟಿರಲಿಲ್ಲ. ಎಲ್ಲೆಕಲ್ಲಿನ ಮೇಲೆ ಯಾರೋ ಪಂಚೆ ಒಣಹಾಕಿದ್ದರು. ಗುಂಡಿಯ ಬಾಯಿ ನಮ್ಮ ಅಡುಗೆಮನೆಗಿಂತ ದೊಡ್ಡದಾಗಿತ್ತು. ಒಳಗೋಡೆಯ ಸಂದಿನಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು.

ಮುಚ್ಚುವುದು ಹೇಗೆ ಎಂದು ನಮ್ಮವರು ಉತ್ಸಾಹದಿಂದ ವಿವರಿಸಿದರು. ಒಳಗಿಂದ ಬಂದ ಕಲ್ಲನ್ನೆಲ್ಲ ಒಳಗೇ ತುಂಬುವುದು. ಬಾಯಿಯ ಹತ್ತಿರ ಹಳೆಯ ರೈಲು ಕಂಬಿಗಳನ್ನು ಅಡ್ಡ ಹಾಕುವುದು. ಅದರ ಮೇಲೆ ಕಾಂಕ್ರೀಟಿನ ಹಲಗೆ ಎರೆಯುವುದು. ಹಲಗೆಯ ಮೇಲೆ ಮಣ್ಣು, ಮಣ್ಣಿನ ಮೇಲೆ ಹುಲ್ಲು. ಗುಡ್ಡೆ ಇದ್ದ ಜಾಗವೂ ಸಮ ಆಗಿ ದನ ಮೇಯುವ ಬಯಲಾಗುತ್ತದೆ.

"ಉಪ್ಪಿನಕಾಯಿ ಜಾಡಿ ಬಾಯಿ ಕಟ್ಟಿದ ಹಾಗೆ" ಎಂದೆ.

"ಜಾಡಿ ಒಳಗೆ ಮಾವಿನಕಾಯಿ ಇರುತ್ತೆ."

"ಇಲ್ಲಿ ಏನಿದೆ?"

"ಹೋತ" ಎಂದರು.

ಕೆಲಸ ಶುರುವಾದ ದಿನ ತೆಂಗಿನಕಾಯಿ ಒಡೆಯುವುದಕ್ಕೆ ನಾನೂ ಹೋಗಿದ್ದೆ. ಕಾಯಿ ಒಡೆದದ್ದಾಯಿತು, ಊದುಬತ್ತಿ ಹಚ್ಚಿದ್ದಾಯಿತು. ಮೇಸ್ತ್ರಿ ಮೊದಲನೆಯ ಮಂಕರಿ ಕಲ್ಲು ಹೊತ್ತು ಗುಂಡಿಯ ಅಂಚಿಗೆ ಬಂದ. ಬೇರೆಯವರ ಮನೆಯ ಮದುವೆಗೆ ಬಂದವನ ಹಾಗೆ ಸದಾ ನಿರಾಳವಾಗಿರುತ್ತಿದ್ದ ಮನುಷ್ಯ. ಬಗ್ಗಿ ಒಳಗೆ ನೋಡಿದ. ಮಂಕರಿಯನ್ನು ಮೆಲ್ಲಗೆ ಕೆಳಗಿಟ್ಟ.

"ಸುರಿಯಪ್ಪ" ಎಂದರು ನಮ್ಮವರು.

"ಒಳಗೆ ನೀರೈತಲ್ಲ ಸ್ವಾಮಿ."

"ಇರುತ್ತೆ. ಎಷ್ಟು ಮಳೆಗಾಲ ಆಗಿದೆ."

"ನೀರಂದ್ರೆ ಗಂಗಮ್ಮ ಅಲ್ವ್ರಾ. ಗಂಗಮ್ಮನ ತಲೆ ಮ್ಯಾಲೆ ಕಲ್ಲು ಹಾಕು ಅಂದ್ರೆ ಹೆಂಗೆ."

"ಇದು ಬಾವಿ ಅಲ್ಲಪ್ಪ, ಗಣಿ. ಶಾಫ್ಟು."

"ನೀವು ಓದಿದೋರು, ಏನ್ ಬೇಕಾದ್ರೂ ಅನ್ನಬೌದು. ನೀರಿಗೆ ಇಂಗ್ಲಿಷ್ ಬತ್ತದಾ?"

ಅವನ ಜೊತೆಯವರೂ ಒಬ್ಬೊಬ್ಬರಾಗಿ ಮಂಕರಿ ಇಳಿಸಿದರು. ನಮ್ಮವರು ಭೂಗರ್ಭ, ಸುರಂಗ, ಕಂಪನಿ ಎಂದು ಏನೇನೋ ಹೇಳಿದರು. ಮೇಸ್ತ್ರಿ ತಾಳ್ಮೆಯಿಂದ ಕೇಳಿ, ಕೊನೆಗೆ ತನ್ನ ಕಡೆಯಿಂದ ಒಂದು ತೀರ್ಮಾನ ಕೊಟ್ಟ.

"ಒಂದೇ ಮಾತು ಸ್ವಾಮಿ. ಇಲ್ಲಿ ಯಾವ್ಳಾದ್ರೂ ಬಾಣಂತಿ ಗಂಗೆ ಪೂಜೆ ಮಾಡವ್ಳಾ, ವಿಚಾರಿಸಿ. ಮಾಡಿದ್ರೆ ಇದು ಬಾವಿ, ನಾನ್ ಮುಟ್ಟಲ್ಲ. ಮಾಡಿಲ್ಲ ಅಂದ್ರೆ ಗುಂಡಿ. ಮೊದಲ್ನೇ ಮಂಕರಿ ನಾನೇ ಸುರೀತೀನಿ."

ನಮ್ಮ ಕಡೆ ಹೆರಿಗೆಯಾದ ಹೆಂಗಸು ಬಾಣಂತನ ಮುಗಿಸಿ ಮೊದಲ ಸಲ ಹೊಸ್ತಿಲು ದಾಟುವುದೇ ಬಾವಿಗೆ. ಅರಿಸಿನ ಕುಂಕುಮ ಇಟ್ಟು, ಎಲೆ ಅಡಿಕೆ ಇಟ್ಟು, ನೀರು ಸೇದಿ ತುಂಬಿದ ಕೊಡ ಹೊತ್ತು ಮನೆಗೆ ಬಂದಳೆಂದರೆ ಮತ್ತೆ ಸಂಸಾರಕ್ಕೆ ಬಿದ್ದಳು ಎಂದು ಲೆಕ್ಕ. ಬಾವಿ ಅಗೆದವನು ಯಾರೇ ಇರಲಿ, ಅದನ್ನು ಬಾವಿ ಮಾಡುವುದು ಈ ಪೂಜೆ. ನಮ್ಮವರಿಗೆ ಈ ಪರೀಕ್ಷೆ ತುಂಬ ಹಿಡಿಸಿತು. ಇಂಗ್ಲಿಷರ ಗುಂಡಿಗೆ ಯಾವ ಬಾಣಂತಿ ಅರಿಸಿನ ಕುಂಕುಮ ತೆಗೆದುಕೊಂಡು ಹೋಗುತ್ತಾಳೆ ಎಂದು ನಗುನಗುತ್ತ ಮನೆಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡರು.

ನಮ್ಮ ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಇದ್ದಳು. ಬೆಂಕಿಕಡ್ಡಿ ಉಳಿಸುವುದಕ್ಕೆಂದು ದಿನಾ ಬೆಳಿಗ್ಗೆ ಒಂದು ಮುರುಕು ಹೆಂಚು ಹಿಡಿದು ನನ್ನ ಒಲೆಯಿಂದ ಕೆಂಡ ಒಯ್ಯಲು ಬರುತ್ತಿದ್ದಳು. ಕೆಂಡ ಆರುವವರೆಗೂ ಕೂತು ಮಾತಾಡಿ, ಮತ್ತೆ ಹೊಸ ಕೆಂಡ ತೆಗೆದುಕೊಂಡು ಹೋಗುತ್ತಿದ್ದಳು. ನಡುವೆ ಕಾಫಿ. ಮರುದಿನ ಬಂದವಳಿಗೆ ಗುಂಡಿಯ ಕತೆ ಹೇಳಿ, "ಅಲ್ಲಿ ಯಾರಾದರೂ ಗಂಗೆ ಪೂಜೆ ಮಾಡಿದ್ದುಂಟಾ ಅಜ್ಜಿ?" ಎಂದು ನಗುತ್ತ ಕೇಳಿದೆ.

"ನಾನ್ ಮಾಡಿದೀನಲ್ಲೇ ಮಗಾ" ಎಂದಳು.

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ನಮ್ಮನೆಯೋರು ಅಲ್ಲಿ ವಾಚ್‌ಮನ್ನು. ಕಂಪನಿ ಎದ್ದೋದ್ಮ್ಯಾಲೆ ಕಬ್ಬಿಣ ಕದೀದಂಗೆ ಕಾಯಕ್ಕೆ ಇಟ್ಟಿದ್ರು. ಅಲ್ಲೇ ತಗಡಿನ ಶೆಡ್ನಾಗೆ ನನ್ ಕಿರೀ ಮಗನ್ನ ಹೆತ್ತಿದ್ದು. ಆ ವರ್ಸ ಊರ್ ಬಾವಿ ಬತ್ತಿ ಕೆಸರಾಗಿತ್ತು. ಕೆಸರಿಗೆ ಕುಂಕುಮ ಇಡಕ್ಕಾಯ್ತದಾ? ಗಣಿಗೇ ಇಟ್ಟೆ."

"ಬೇರೆ ಯಾವುದೋ ಬಾವಿ ಇರಬಹುದು ಅಜ್ಜಿ. ಬಾಣಂತನದಲ್ಲಿ ಮಂಕು ಇರುತ್ತಲ್ಲ, ಸರಿಯಾಗಿ ನೆನಪು ಮಾಡಿಕೊಳ್ಳಿ" ಎಂದು ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ. ಮೊದಲ ಡಿಕಾಕ್ಷನ್ನು, ಗಟ್ಟಿಯಾದದ್ದು.

"ಮಂಕು ನಿನ್ಗೆ ಕಣೇ. ಹೆತ್ತೋಳಿಗೆ ನೆನಪಿರಲ್ವಾ?" ಎಂದು ಕಾಫಿ ಕುಡಿದಳು. ಕುಡಿಯುತ್ತ ಕುಡಿಯುತ್ತ ಅಂದು ಉಟ್ಟ ಸೀರೆಯ ಅಂಚು, ನೀರಿನ ಮೇಲೆ ತೇಲಿದ ವೀಳ್ಯದೆಲೆ ಯಾವ ಕಡೆಗೆ ತಿರುಗಿತು ಎಂಬುದು, ಅದನ್ನು ಕಂಡು ಗಂಡ ಆಡಿದ ಮಾತು, ಎಲ್ಲ ಹೇಳಿದಳು. ಕಾಫಿ ಹಾಕಿದಷ್ಟೂ ಅವಳ ನೆನಪು ತಿಳಿಯಾಗುತ್ತ ಹೋಯಿತು. ನಾನು ಪಾತ್ರೆ ಮುಚ್ಚಿಟ್ಟೆ. ತಡವಾಗಿತ್ತು.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಅವಳ ಕಿರಿಯ ಮಗ ರೈಲ್ವೆ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ನು. ಮೀಸೆ ಬಿಟ್ಟ ದೊಡ್ಡ ಆಳು. ಅವನನ್ನು ಗುಂಡಿಯ ಸಾಕ್ಷಿ ಎಂದು ಜನ ಹೋಗಿ ನೋಡಿಕೊಂಡು ಬಂದರು. "ನಂಗೇನ್ ಗೊತ್ತು, ನಾನ್ ಆವಾಗ ಮಲಗಿದ್ದೆ" ಎಂದನಂತೆ. ಅದನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಗುಂಡಿ ಬಾವಿಯಾಯಿತು. ಮೇಸ್ತ್ರಿಯ ಕಡೆಯವರು ಕಲ್ಲುಗುಡ್ಡೆಯ ನೆರಳಿನಲ್ಲಿ ಚೌಕಾಬಾರದ ಮನೆ ಬರೆದುಕೊಂಡು ಕೂತರು. ನಮ್ಮವರು ಪಡುವಣದ ಬೆಟ್ಟದ ಕಡೆ ನೋಡುತ್ತ, ಒಂದು ಬಿಳಿ ಮೋಡ ಕಂಡರೂ ಬೆವರುವುದಕ್ಕೆ ಶುರುಮಾಡಿದರು.

ಅಜ್ಜಂಪುರದಿಂದ ಕಡೂರಿಗೆ ಹೋಗುವವರು ಬೀರೂರಿನಲ್ಲಿ ಗಾಡಿ ನಿಂತಷ್ಟು ಹೊತ್ತೂ ಕಾಯಬೇಕು. ಸುದ್ದಿಗೆ ಆ ತಾಪತ್ರಯವಿಲ್ಲ. ಅತ್ತೆ ಒಂದು ಮಧ್ಯಾಹ್ನ ಚೀಲ ಹಿಡಿದು ಬಂದಿಳಿದೇಬಿಟ್ಟರು. ಕಾಲು ತೊಳೆಯುವ ಮೊದಲೇ ಮಗನಿಗೆ ಕೇಳಿದರು:

"ಬಾವಿ ಮುಚ್ಚಿಸ್ತಿದೀಯಂತೆ?"

"ಬಾವಿ ಅಲ್ಲಮ್ಮ, ಶಾಫ್ಟು."

"ಏನಾದ್ರೂ ಆಗ್ಲಿ. ಬಾವಿ ಮುಚ್ಚಿ ಮಕ್ಕಳು ಹೆತ್ತೋರ್ನ ನಾನಂತೂ ನೋಡಿಲ್ಲ. ಪಂಚನಹಳ್ಳೀಲಿ ನಮ್ಮ ಚಿಕ್ಕಮ್ಮನ ಮೈದುನ ಒಂದು ಹಾಳು ಬಾವಿ ಮುಚ್ಚಿಸ್ದ. ಇವತ್ತಿಗೂ ಆ ಮನೇಲಿ ಬೆಕ್ಕು ಕೂಡ ಮರಿ ಹಾಕಿಲ್ಲ."

"ಬೆಕ್ಕಿಗೂ ಬಾವಿಗೂ ಏನಮ್ಮ ಸಂಬಂಧ?"

"ಅದನ್ನ ಬೆಕ್ಕಿಗೇ ಕೇಳು. ನಿಂದಿನ್ನೂ ಖಾಲಿ ತೊಟ್ಟಿಲು, ನೆನಪಿರಲಿ. ಈ ಕೆಲಸ ಬ್ಯಾಡ. ನಿಮ್ಮಣ್ಣನ ಜೊತೆ ಅಂಗಡೀಲಿ ಕೂತ್ಕೋ. ಇಬ್ರೂ ನಡೀರಿ ಕಡೂರಿಗೆ."

ಖಾಲಿ ತೊಟ್ಟಿಲು ಎನ್ನುವಾಗ ನನ್ನ ಸೊಂಟದ ಕಡೆ ಒಮ್ಮೆ ನೋಡಿದರು. ಆಮೇಲೆ ಒಳಗೆ ಹೋಗಿ ನನ್ನ ಡಬ್ಬಗಳನ್ನು ಒಂದೊಂದಾಗಿ ಹಳೆಯ ಸೀರೆಯಲ್ಲಿ ಸುತ್ತಿಡತೊಡಗಿದರು. ಮೊದಲು ಕಡಲೆಬೇಳೆ, ಆಮೇಲೆ ಮೆಂತ್ಯ. ನಾನು ಬಾಗಿಲಲ್ಲಿ ನಿಂತು ನನ್ನ ಸಂಸಾರ ಗಂಟಾಗುವುದನ್ನು ನೋಡುತ್ತಿದ್ದೆ. ಕಾನ್ವೆಂಟಿನಲ್ಲಿ ಅಳು ಬಂದರೆ ಮೂಗಿನಲ್ಲಿ ಉಸಿರೆಳೆದುಕೊಂಡು ಸೂರು ನೋಡಬೇಕೆಂದು ಹೇಳಿಕೊಟ್ಟಿದ್ದರು. ನೋಡಿದೆ. ಸೂರಿನಲ್ಲಿ ಜೇಡರಬಲೆ ಇತ್ತು.

ಆದರೆ ಗಂಟು ಕಟ್ಟುವವರಿಗೂ ಹೊಟ್ಟೆ ಹಸಿಯುತ್ತದೆ. ಅತ್ತೆ ಒಲೆಯ ಮುಂದೆ ಕೂತು ಸಾರಿಗಿಟ್ಟರು. ಪಾತ್ರೆ ವಾಲಿತು.

"ಈ ಒಲೆ ಹಾಕ್ದೋನು ಕುಡಿದಿದ್ನಾ?"

"ನಾನೇ ಅತ್ತೆ ಹಾಕಿದ್ದು."

ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಒಂದು ಹೆಂಚಿನ ಚೂರನ್ನು ಒಲೆಯ ಗುಂಡಿನ ಪಕ್ಕ ಸಿಕ್ಕಿಸಿ ಪಾತ್ರೆ ನೇರ ಮಾಡಿದರು. ಆಮೇಲೆ ತಮಗೆ ತಾವೇ ಒಂದು ಲೋಟ ಕಾಫಿ ಮಾಡಿಕೊಂಡರು. ಸುತ್ತಿಟ್ಟ ಡಬ್ಬವನ್ನೇ ಬಿಚ್ಚಿ ಪುಡಿ ತೆಗೆದುಕೊಂಡರು. ಆ ದಿನ, ಅದರ ಮರುದಿನ, ಹೊಗೆ ಕಣ್ಣಿಗೆ ನುಗ್ಗಿ ನೀರು ಸುರಿಯುತ್ತಿದ್ದರೂ ಅಲ್ಲಿಂದ ಏಳಲಿಲ್ಲ. ಬೆಳಿಗ್ಗೆ ಒಂದು ಡಬ್ಬ ಕಟ್ಟಿದರೆ ಸಂಜೆ ಎರಡು ಬಿಚ್ಚುತ್ತಿದ್ದರು. ಗಂಟು ಕಟ್ಟುವ ಕೆಲಸ ಹೀಗೆ ಮುಂದುವರಿದಷ್ಟೂ ಹಿಂದೆ ಬೀಳುತ್ತಿತ್ತು.

ಹುರುಳಿಕಾಯಿ ಹೆಚ್ಚುತ್ತ ಕೂತಿದ್ದಾಗ ನನಗೆ ನಮ್ಮ ಕಾನ್ವೆಂಟಿನ ಹಳೆಯ ಪ್ರಾರ್ಥನೆಯ ಕೋಣೆ ನೆನಪಾಯಿತು. ನಾನು ಅಲ್ಲಿದ್ದಾಗ ಹೊಸ ಚಾಪೆಲ್ ಕಟ್ಟಿದರು. ಒಂದು ದಿನ ನಾವೆಲ್ಲ ಬಿಳಿ ರಿಬ್ಬನ್ ಕಟ್ಟಿಕೊಂಡು, ಮೇಣದಬತ್ತಿ ಹಿಡಿದು, ಹಾಡುತ್ತ, ಹಳೆಯ ಕೋಣೆಯಿಂದ ಹೊಸದಕ್ಕೆ ಮೆರವಣಿಗೆಯಲ್ಲಿ ಹೋದೆವು. ದೇವರು ಮುಂದೆ, ನಾವು ಹಿಂದೆ. ಮರುವಾರ ನೋಡಿದರೆ ಹಳೆಯ ಕೋಣೆಯಲ್ಲಿ ಮುರಿದ ಬೆಂಚುಗಳು ಮತ್ತು ವಾಲಿಬಾಲ್ ನೆಟ್ಟು. ಅಲ್ಲಿ ಪಿಸುಗುಟ್ಟಿದರೆ ಕಿವಿ ಹಿಂಡುತ್ತಿದ್ದ ಸಿಸ್ಟರ್ರೇ ಈಗ ಬೆಂಚನ್ನು ಸರಿಯಾಗಿ ಪೇರಿಸಿಲ್ಲವೆಂದು ಅದೇ ಕೋಣೆಯಲ್ಲಿ ನಿಂತು ಕೂಗಾಡುತ್ತಿದ್ದರು. ದೇವರು ಮನೆ ಖಾಲಿ ಮಾಡಿದ್ದ, ಅಷ್ಟೆ.

"ಅತ್ತೆ, ಗಂಗೆ ಮನೆ ಖಾಲಿ ಮಾಡೋ ಹಾಗಿಲ್ವಾ?" ಎಂದೆ.

"ಅಂದ್ರೆ?"

"ಅವಳನ್ನ ಕೊಡದಲ್ಲಿ ಕರ್ಕೊಂಡು ಬಂದು ಬೇರೆ ಬಾವಿಗೆ ಬಿಟ್ಟರೆ? ಆಮೇಲೆ ಅಲ್ಲಿ ಉಳಿಯೋದು ಬರೀ ನೀರು."

ಅತ್ತೆ ಒಲೆಗೆ ಒಂದು ಕೊಳ್ಳಿ ದೂಡಿದರು. ಹುರುಳಿಕಾಯಿ ಮುಗಿಯಿತು. "ಹೆಣ್ಣುದೇವ್ರು ತಾನೆ" ಎಂದರು ಕೊನೆಗೆ. "ಹೆಣ್ಣು ಅಂದ್ಮೇಲೆ ಒಂದ್ಕಡೆಯಿಂದ ಇನ್ನೊಂದ್ಕಡೆ ಹೋಗೋಳೆ."

ರಾತ್ರಿ ಊಟದ ಹೊತ್ತಿಗೆ ಅದು ಅವರ ಯೋಚನೆಯಾಗಿತ್ತು. "ಗಂಗೆಗೆ ಮಡಿಲು ತುಂಬಿ, ಗಂಡನ ಮನೆಗೆ ಕಳಿಸೋ ಹಂಗೆ ಕಳಿಸ್ಕೊಟ್ರೆ ಆಮೇಲೆ ಯಾವ ದೋಷನೂ ಇಲ್ಲ" ಎಂದು ಮಗನಿಗೆ ಅಪ್ಪಣೆ ಮಾಡಿದರು. "ಇಂಥದ್ದೆಲ್ಲ ನಿನ್ ಹೆಂಡ್ತಿಗೆ ಎಲ್ಲಿ ಹೊಳೀಬೇಕು, ಪಾಪ, ಫೋರ್ಕಲ್ಲಿ ಉಣ್ಣೋದು ಕಲ್ತೋಳು." ನಾನು ತಲೆ ತಗ್ಗಿಸಿ ಮಜ್ಜಿಗೆ ಬಡಿಸಿದೆ.

ಮೇಸ್ತ್ರಿಗೆ ಹೇಳಿದಾಗ, "ಕಳಿಸ್ಕೊಡ್ರಿ. ಖಾಲಿ ಮನೆ ಅಂದ್ಮ್ಯಾಲೆ ನಂದೇನ್ ತಕರಾರು" ಎಂದ. ನಮ್ಮವರು ಮಾತ್ರ ಗಾಬರಿಯಾದರು. "ನಾನು ಸರ್ಕಾರಿ ನೌಕರ. ಬೆನ್ನು ತಿರುಗಿಸಿ ನಿಂತಿರ್ತೀನಿ, ನೀವು ಏನಾದ್ರೂ ಮಾಡ್ಕೊಳ್ಳಿ" ಎಂದರು.

ಕಳಿಸುವ ದಿನ ಬೆಳಿಗ್ಗೆ ಅಜ್ಜಿ ಎಲ್ಲರಿಗಿಂತ ಮುಂಚೆ ಬಂದಳು. ಗಂಗೆಯನ್ನು ಮೊದಲು ಮಾತಾಡಿಸಿದವಳು ತಾನು, ಆದ್ದರಿಂದ ತವರಿನ ಕಡೆಯವಳು ತಾನೇ ಎಂದು ಹಟ ಹಿಡಿದು ಮಡಿಲಕ್ಕಿ ಹಾಕುವ ಹಕ್ಕು ತೆಗೆದುಕೊಂಡಳು. ರವಿಕೆ ಕಣ ಹಸಿರೇ ಆಗಬೇಕೆಂದಳು. ಹಸಿರು ಕಣ ಇದ್ದದ್ದು ನನ್ನ ಟ್ರಂಕಿನಲ್ಲಿ ಒಂದೇ. ತೋಳಿಗೆ ಕಸೂತಿ ಹಾಕಿ ಎತ್ತಿಟ್ಟದ್ದು. ಅದೂ ಹೋಯಿತು. ಕೊಡ ಹೊರುವವರು ಮಕ್ಕಳೊಂದಿಗರಾದ ಮುತ್ತೈದೆಯೇ ಆಗಬೇಕು, ಎತ್ತಿಕೊಂಡವರು ಇನ್ನೊಬ್ಬರ ಕೈಗೆ ಕೊಡಬಾರದು, ನೆಲಕ್ಕಿಡಬಾರದು ಎಂದು ಅತ್ತೆ ಕಟ್ಟಳೆ ಹಾಕಿ, ತಾವೇ ಹೊರಲು ನಿಂತರು. ಈ ಕಟ್ಟಳೆ ಯಾವ ಶಾಸ್ತ್ರದಲ್ಲಿದೆಯೋ ಗೊತ್ತಿಲ್ಲ. ಅಂದು ಬೆಳಿಗ್ಗೆ ಹುಟ್ಟಿದ್ದಿರಬೇಕು.

ನೀರು ತುಂಬ ಕೆಳಗಿತ್ತು. ಬೀದಿಯ ಮನೆಗಳ ಸೇದುವ ಹಗ್ಗವೆಲ್ಲ ಒಟ್ಟುಮಾಡಿ ಒಂದಕ್ಕೊಂದು ಗಂಟು ಹಾಕಿದರು. ನಮ್ಮವರು ಬಂದು ಗಂಟುಗಳನ್ನು ಎಳೆದು ಪರೀಕ್ಷಿಸಿ, ಹೋಗಿ ಬೆನ್ನು ತಿರುಗಿಸಿ ನಿಂತರು. ಆ ದಿನ ಇಲಾಖೆಯಿಂದ ಬಂದ ಸಹಾಯ ಅದೊಂದೇ. ತಾಮ್ರದ ಬಿಂದಿಗೆ ಗೋಡೆಗೆ ಬಡಿದುಕೊಳ್ಳುತ್ತ ಮೇಲೆ ಬಂತು. ನೀರು ತಣ್ಣಗೆ, ತಿಳಿಯಾಗಿತ್ತು. ಮೇಲೆ ಪಾರಿವಾಳದ ಒಂದು ಪುಕ್ಕ. ಬೆರಳದ್ದಿ ನಾಲಿಗೆಗಿಟ್ಟರೆ ಮೊಳೆ ಚೀಪಿದ ರುಚಿ. ಬಿಂದಿಗೆಗೆ ನನ್ನ ಹಸಿರು ಕಣ ಸುತ್ತಿ, ಬಳೆ ತೊಡಿಸಿ, ಅಕ್ಕಿ ಬೆಲ್ಲ ಕೊಬ್ಬರಿ ಇಟ್ಟರು. ಅಜ್ಜಿ ಸೋಬಾನೆ ಹೇಳುತ್ತ ನಿಜವಾಗಿಯೂ ಅತ್ತುಬಿಟ್ಟಳು. ಅತ್ತೆ ಬಿಂದಿಗೆಯನ್ನು ಕಂಕುಳಿಗೆ ಏರಿಸಿದರು. ಹೆಂಗಸರು ಹಾಡುತ್ತ ಊರ ಕಡೆ ಹೊರಟೆವು.

ಊರ ಮುಂದಿನ ಬಾವಿಯ ಹತ್ತಿರ ಬರುವವರೆಗೂ ನಮಗೆ ಯಾರಿಗೂ ಹೊಳೆದಿರಲಿಲ್ಲ. ಹೆಣ್ಣು ಕಳಿಸುವ ಸಡಗರದಲ್ಲಿ ಯಾವ ಮನೆಗೆ ಕಳಿಸುತ್ತಿದ್ದೇವೆ ಎಂದು ಕೇಳುವುದನ್ನೇ ಮರೆತಿದ್ದೆವು.

ಬಾವಿಕಟ್ಟೆಯ ಮೇಲೆ ನೀರು ಸೇದುತ್ತಿದ್ದ ಹೆಂಗಸರು ಕೊಡಗಳನ್ನು ಅಡ್ಡ ಇಟ್ಟರು.

"ಇಲ್ಲಿಗ್ಯಾಕ್ ತಂದ್ರಿ? ನಮ್ ಬಾವ್ಯಾಗೆ ಆಗ್ಲೇ ಒಬ್ಳು ಗಂಗವ್ವ ಅವ್ಳೆ. ಇಬ್ರು ಸೇರಿದ್ರೆ ನೀರು ನಿಂತದಾ?"

"ಅಕ್ಕತಂಗೀರಂಗೆ ಇರ್ತಾರೆ ಬಿಡವ್ವ" ಎಂದರು ಅತ್ತೆ.

"ಅಲ್ಲ ಕಣವ್ವ, ಹೋತ ಸತ್ತ ನೀರು. ನಾವು ಕುಡಿಯೋ ಬಾವಿ ಇದು."

ಅತ್ತೆಯ ಮುಖ ಕೆಂಪಾಯಿತು. ತಾವು ಎತ್ತಿಕೊಂಡ ಹೆಣ್ಣಿನ ಮೇಲೆ ಬೀದಿಯಲ್ಲಿ ಅಪವಾದ ಹೊರಿಸಿದಂತಾಗಿತ್ತು. "ನಡೀರೇ, ಇಂಥೋರ ಮನೆಗೆ ನಾನ್ ಹೆಣ್ಣು ಕೊಡಲ್ಲ" ಎಂದು ತಿರುಗಿದರು. ದೇವಸ್ಥಾನದ ಬಾವಿಗೆ ಹೋದೆವು. ಪೂಜಾರಿ ಬಾಗಿಲು ಅರ್ಧ ತೆಗೆದು, ಅಮಾವಾಸ್ಯೆ ಕಳೆಯಲಿ, ದಿನ ನೋಡೋಣ ಎಂದು ಅರ್ಧದಲ್ಲೇ ಮುಚ್ಚಿದ. ಮೆರವಣಿಗೆ ಕರಗುತ್ತ ಬಂತು. ಒಬ್ಬಳಿಗೆ ಹಾಲು ಕಾಯಿಸುವುದಿತ್ತು, ಇನ್ನೊಬ್ಬಳಿಗೆ ಕರು ಕಟ್ಟುವುದಿತ್ತು. ಬಿಸಿಲು ಏರಿತು. ಅತ್ತೆ ಬಿಂದಿಗೆಯನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಾಯಿಸುತ್ತ, ತುಟಿ ಕಚ್ಚಿಕೊಂಡು ನಡೆಯುತ್ತಿದ್ದರು. ಸೀರೆಯ ಒಂದು ಪಕ್ಕ ಪೂರ್ತಿ ನೆನೆದಿತ್ತು.

"ನಾನು ಸ್ವಲ್ಪ ಹಿಡಿಯಲಾ ಅತ್ತೆ?"

"ಕೊಡಬಾರ್ದು ಅಂತ ನಾನೇ ಹೇಳಿದೀನಲ್ಲೇ" ಎಂದರು ಸಿಡುಕಿನಿಂದ. ಇನ್ನೂ ಸ್ವಲ್ಪ ದೂರ ನಡೆದು, ಬೀದಿಯ ನಡುವೆ ನಿಂತರು. "ಸಾಕು. ನಡೀರಿ ನಮ್ಮನೆಗೆ."

ನಮ್ಮನೆ ಎಂದದ್ದು ನನ್ನ ಬಾಡಿಗೆ ಮನೆಯನ್ನು. ಆ ಕ್ಷಣದಲ್ಲಿ ನನಗೆ ಅದರಿಂದ ಸಂತೋಷವೇ ಆಯಿತು.

ನಮ್ಮ ಹಿತ್ತಲಿನ ಬಾವಿಯ ನೀರು ಬರೀ ಪಾತ್ರೆ ತೊಳೆಯುವುದಕ್ಕೆ. ಅಲ್ಲಿಗೆ ಗಂಗೆಯನ್ನು ಇಳಿಸುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಮನೆಯ ಮಾಲೀಕರು ಅಮೃತಾಪುರದ ಅಳಿಯನ ಮನೆಗೆ ಹೋಗಿದ್ದರು. ಅತ್ತೆ ನೀರನ್ನು ಮೆಲ್ಲಗೆ ಸುರಿದು, ಬಾವಿಯ ಕಲ್ಲಿಗೆ ಕುಂಕುಮ ಹಚ್ಚಿ, ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ತೋಳು ಎತ್ತಲಾಗುತ್ತಿರಲಿಲ್ಲ. ನಾನು ಎಣ್ಣೆ ಬಿಸಿಮಾಡಿ ತಂದು ತಿಕ್ಕಿದೆ.

ಮರುದಿನ ಮೇಸ್ತ್ರಿ ಕೊಟ್ಟ ಮಾತಿನಂತೆ ಮೊದಲನೆಯ ಮಂಕರಿ ಸುರಿದ. ಕಲ್ಲು ಬೀಳುವಾಗ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದುಹೋದವು. ನೀರಿಗೆ ಬಿದ್ದ ಸದ್ದು ಮಾತ್ರ ತಡವಾಗಿ, ಮೆತ್ತಗೆ ಬಂತು. ಆಮೇಲೆ ದಿನವೆಲ್ಲ ಕಲ್ಲು ಬೀಳುವ ಸದ್ದೇ. ವಾರಗಳು ಹೋದ ಹಾಗೆ ಸದ್ದು ಹತ್ತಿರ ಹತ್ತಿರ ಬಂದು, ಕೊನೆಗೆ ಕಲ್ಲಿಗೆ ಕಲ್ಲು ತಾಗುವ ಸದ್ದಾಯಿತು. ಗುಡ್ಡೆ ಕರಗಿ ಅದರಾಚೆಯ ಹೊಲ ಕಂಡಿತು. ಕಂಬಿ ಹಾಕಿದರು, ಕಾಂಕ್ರೀಟು ಎರೆದರು. ಹಸಿ ಕಾಂಕ್ರೀಟಿನ ಮೇಲೆ ಯಾರದೋ ಕೋಳಿ ಈ ಕಡೆಯಿಂದ ಆ ಕಡೆಗೆ ನಡೆದು ಹೋಯಿತು. ನಮ್ಮವರು ಅದನ್ನು ಓಡಿಸಲು ಹೋಗಿ ತಾವೂ ಒಂದು ಹೆಜ್ಜೆ ಬಿಟ್ಟರು. ಮಣ್ಣು ಹರಡಿ ಮುಗಿಸುವ ಹೊತ್ತಿಗೆ ಮೊದಲ ಮಳೆ ಬಂತು.

ಮೇಲಿನ ಸಾಹೇಬರು ಜೀಪಿನಲ್ಲಿ ಬಂದು, ಹಲಗೆಯ ಜಾಗದಲ್ಲಿ ನಿಂತು, ಬೂಟಿನ ಹಿಮ್ಮಡಿಯಿಂದ ತಟ್ಟಿ ನೋಡಿ, ನಮ್ಮ ಮನೆಗೆ ಉಪ್ಪಿಟ್ಟು ತಿನ್ನಲು ಬಂದರು.

"ನಡುವೆ ಕೆಲಸ ನಿಂತಿತ್ತಂತಲ್ಲ, ಏನು ತೊಂದರೆ?"

"ನೀರಿನ ಸಮಸ್ಯೆ ಸಾರ್" ಎಂದರು ನಮ್ಮವರು. "ಬೇರೆ ಕಡೆಗೆ ಸಾಗಿಸಬೇಕಾಯ್ತು."

"ಪಂಪ್ ಹಾಕಿಸಿದ್ರಾ?"

"ಇಲ್ಲ ಸಾರ್. ಲೇಬರ್."

ಅಡುಗೆಮನೆಯಲ್ಲಿ ಅತ್ತೆ ತಮ್ಮ ಬಲತೋಳು ಸವರಿಕೊಂಡು, "ಲೇಬರಂತೆ" ಎಂದರು.

ಸಾಹೇಬರಿಗೆ ಕೆಲಸವೂ ಉಪ್ಪಿಟ್ಟೂ ಹಿಡಿಸಿತು. ನಮ್ಮವರು ಪರ್ಮನೆಂಟಾದರು, ಅಜ್ಜಂಪುರದಲ್ಲೇ. ನಾನು ಸಂಜೆಯೇ ಉಳಿದಿದ್ದ ಡಬ್ಬಗಳನ್ನೆಲ್ಲ ಸೀರೆಯಿಂದ ಬಿಚ್ಚಿ ಗೂಡಿಗೆ ಏರಿಸಿದೆ. ಅತ್ತೆ ಚೀಲ ಕಟ್ಟಿಕೊಂಡು ಹೊರಡುವುದನ್ನು ಸೌಜನ್ಯದಿಂದ ಕಾಯತೊಡಗಿದೆ.

ಅವರು ಹೊರಡಲಿಲ್ಲ. ಗಂಗೆಯನ್ನು ತಂದವರು ಅವರು. ದಿನಾ ಸಂಜೆ ಬಾವಿಗೆ ದೀಪ ಇಡದೆ ಬಿಟ್ಟುಹೋಗುವುದು ಹೇಗೆ? ನಾನು ಇಡುತ್ತೇನೆಂದರೆ, ಬತ್ತಿ ಹೊಸೆಯಲು ಬರುತ್ತದಾ ಎಂದು ಕೇಳಿದರು. ಸುತ್ತಿನ ಬೀದಿಗಳ ಬಾಣಂತಿಯರು ನಮ್ಮ ಹಿತ್ತಲಿಗೇ ಗಂಗೆ ಪೂಜೆಗೆ ಬರಲು ಶುರುಮಾಡಿದರು. ಊರ ಬಾವಿಯಲ್ಲಿ ಹೋತದ ಮಾತು ಆಡಿದವಳ ಸೊಸೆಯೂ ಬಂದಳು. ಅತ್ತೆ ಎಲ್ಲರಿಗೂ ಮಣೆ ಹಾಕಿ, ಗುಂಡಿಯಿಂದ ಬಂದ ಕತೆ ಹೇಳಿ, ನನ್ನ ಕಾಫಿ ಕೊಟ್ಟು ಕಳಿಸುತ್ತಿದ್ದರು. ಮುಂದೆ ನನಗೂ ಮಗುವಾದಾಗ ಅದರ ಕೀರ್ತಿಯನ್ನು ಗಂಗೆ, ಅತ್ತೆ ಮತ್ತು ಅಜ್ಜಿ ಹಂಚಿಕೊಂಡರು. ನಮ್ಮವರ ಹೆಸರನ್ನು ಯಾರೂ ಎತ್ತಲಿಲ್ಲ. ಮಾವನವರಂತೂ ಕೊಬ್ಬರಿ ವ್ಯಾಪಾರಕ್ಕೆ ಊರೂರು ತಿರುಗುವವರು. ಅವರಿಗೆ ಮನೆ ಎಂದರೆ ವಾರಕ್ಕೊಮ್ಮೆ ಅಂಗಿ ಬದಲಾಯಿಸುವ ಜಾಗ. ಅಂಗಿ ಅಜ್ಜಂಪುರಕ್ಕೆ ಬಂತು, ಅವರೂ ಬಂದರು.

ಆದರೆ ಅದೆಲ್ಲ ಆಮೇಲೆ. ಸಾಹೇಬರು ಬಂದು ಹೋದ ವಾರ, ಮೇಸ್ತ್ರಿ ಒಂದು ಮಂಕರಿ ಹುತ್ತದ ಮಣ್ಣು ತಂದು ನಮ್ಮ ಬಾಗಿಲಲ್ಲಿ ಇಳಿಸಿದ. ಯಾಕಪ್ಪ ಎಂದರೆ, "ದೊಡ್ಡಮ್ಮೋರು ಹೇಳಿದ್ರು" ಎಂದ.

ಅತ್ತೆ ಸೀರೆ ಎತ್ತಿ ಸಿಕ್ಕಿಸಿ, ನನ್ನ ಒಲೆಯ ಎದುರು ಗೋಡೆಗೆ ಇನ್ನೊಂದು ಒಲೆ ಹಾಕತೊಡಗಿದರು. ದಾರ ಹಿಡಿದು ಅಳೆದು, ಅಂಗೈಯಲ್ಲಿ ನುಣ್ಣಗೆ ಸವರಿ, ಪಕ್ಕಕ್ಕೆ ಒಂದು ಚಿಕ್ಕ ಕೊಡಿ ಒಲೆ ಸಮೇತ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಕೊನೆಗೆ ತಡೆಯಲಾಗದೆ ವಾರಗಿತ್ತಿಯ ಮಾತೆತ್ತಿದೆ:

"ಅಲ್ಲಿ ಅಕ್ಕ ಒಬ್ರೇ ಆಗ್ತಾರಲ್ಲ ಅತ್ತೆ, ಕಡೂರಿನಲ್ಲಿ?"

"ಆಗ್ಲಿ. ಅವಳ ಒಲೆ ಅವಳಿಗೆ." ಮಣ್ಣಿನ ಕೈಯಿಂದ ಕೆನ್ನೆಯ ನೊಣ ಓಡಿಸಿಕೊಂಡರು. ಕೆನ್ನೆಗೆ ಮಣ್ಣಾಯಿತು. "ನಂಗೆ ಅಲ್ಲಿ ಯಾವ ಒಲೆ ಐತೆ ಹೇಳು. ಹಿರೀ ಸೊಸೆ ಬಂದ ವರ್ಷ ಹೊಸ್ತಿಲಿಂದ ಆಚೆ ಬಂದೋಳು, ಇವತ್ತಿಗೂ ಒಳಗೆ ಹೋಗಿಲ್ಲ. ನಿನ್ನ ಒಲೆ ನಾನು ಮುಟ್ಟಲ್ಲ ಕಣೇ. ಅದರಲ್ಲಿ ಮಾಡಿದ್ದು ನೀನೇ ತಿನ್ನಬೇಕು, ವಾಲಿರ್ತದೆ."

ಒಲೆ ಒಣಗಿತು. ಹಾಲುಕ್ಕಿಸಿದರು. ಆ ಅಡುಗೆಮನೆ ಎಷ್ಟು ಚಿಕ್ಕದೆಂದರೆ, ಇಬ್ಬರೂ ಅವರವರ ಒಲೆಗೆ ಮುಖ ಮಾಡಿ ಕೂತರೆ ಬೆನ್ನಿಗೆ ಬೆನ್ನು ತಾಗುತ್ತಿತ್ತು. ಅವರು ಹಿಟ್ಟು ನಾದಿದರೆ ನಾನು ಅಲ್ಲಾಡುತ್ತಿದ್ದೆ.

"ಸ್ವಲ್ಪ ಆ ಕಡೆ ಸರಿಯೇ" ಎಂದರು.

ಆ ಕಡೆ ಗೋಡೆ ಇತ್ತು. ಸರಿದೆ.